ಕಿರ್ದಿ ಪುಸ್ತಕವೂ ಕ್ಲೌಡ್ ದಾಖಲೆಯೂ

(ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಬಂದಿದ್ದೀರಿ, ಹೊರಗೆ ದಾವಣಗೆರೆ ಬಿಸಿಲು, ಒಳಗೆ ಫ್ಯಾನಿನ ಗಾಳಿ. ನಿದ್ದೆ ಬಂದರೆ ತಪ್ಪಿಲ್ಲ, ಗೊರಕೆ ಹೊಡೀಬೇಡಿ ಅಷ್ಟೇ. ವಿಷಯ ಸಣ್ಣದು. ಕ್ಲೌಡಿನಲ್ಲಿ ಈಗಾಗಲೇ ಒಂದು ದಾಖಲೆ ಇದೆ. ಅದಕ್ಕೆ ಹೊಸ ಮಾಹಿತಿ ಸೇರಬೇಕು, ಹಳೆಯದು ಹೋಗಬಾರದು. ಇಷ್ಟಕ್ಕೆ ಒಂದು ಗಂಟೆ ಮಾತಾಡ್ತೀರಾ ಅಂತ ನಿಮ್ಮ ಮೇಷ್ಟ್ರು ಕೇಳಿದರು. ಇಷ್ಟು ಗೊತ್ತಿಲ್ಲದೆ ನಾನು ಒಂದು ಅಂಗಡಿಯ ಮೂರು ವಾರದ ಲೆಕ್ಕ ತೊಳೆದುಹಾಕಿದ್ದೆ ಸಾರ್, ಅದಕ್ಕೆ ಅಂದೆ.

ಆಗ ನಾನು ಓದು ಮುಗಿಸಿ ಕೆಲಸ ಹುಡುಕುತ್ತಿದ್ದವನು. ಇಲ್ಲೇ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಮೊಬೈಲ್ ಆ್ಯಪ್ ಬರೆದುಕೊಟ್ಟೆ. ರೈತರ ಹೆಸರು, ಊರು, ಫೋನ್ ನಂಬರು, ಕೊಟ್ಟ ಮುಂಗಡ, ತಂದ ಮಾಲು, ಚೀಲ, ತೂಕ, ದರ, ಎಲ್ಲ ಅದರಲ್ಲಿ. ಡೇಟಾಬೇಸ್ ಫೈರ್‌ಸ್ಟೋರ್, ಗೂಗಲ್‌ನವರ ಕ್ಲೌಡ್ ಡೇಟಾಬೇಸ್. ಒಬ್ಬೊಬ್ಬ ರೈತನಿಗೆ ಒಂದೊಂದು ಡಾಕ್ಯುಮೆಂಟ್, ಅಂದರೆ ಒಂದೊಂದು ದಾಖಲೆ. ಮೆಕ್ಕೆಜೋಳದ ಸುಗ್ಗಿ ಶುರುವಾಗಿತ್ತು, ಯಾರ್ಡಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಆ್ಯಪ್ ಚೆನ್ನಾಗಿ ಓಡುತ್ತಿದೆ ಅಂತ ನಾನು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಮೆರೆಯುತ್ತಿದ್ದೆ.

ಮೂರು ವಾರ ಆದ ಮೇಲೆ ಅಂಗಡಿಯ ಗುಮಾಸ್ತರು ಕರೆಸಿದರು. ಎಪ್ಪತ್ತರ ಹತ್ತಿರದ ಹಿರಿಯರು. ಫೋನನ್ನು ನನ್ನ ಮುಂದೆ ಇಟ್ಟು, "ತಮ್ಮಾ, ನಿನ್ನ ಆ್ಯಪು ಇವತ್ತಿಂದು ಬರೆದ್ರೆ ಹಿಂದಿಂದು ನುಂಗತೈತಲ್ಲೋ" ಅಂದರು. ನೋಡಿದೆ. ಜಗಳೂರು ಕಡೆಯ ಒಬ್ಬ ರೈತ ಸೋಮವಾರ 42 ಚೀಲ ತಂದಿದ್ದ, ಗುರುವಾರ 30 ಚೀಲ. ದಾಖಲೆಯಲ್ಲಿ ಇದ್ದದ್ದು 30 ಚೀಲ ಮಾತ್ರ. ಸೋಮವಾರದ್ದು ಇಲ್ಲ. ಅದು ಹೋಗಲಿ, ಫೋನ್ ನಂಬರೂ ಇಲ್ಲ, ಮುಂಗಡವೂ ಇಲ್ಲ. ಹೆಸರು, ತಾರೀಕು, 30 ಚೀಲ, ತೂಕ, ದರ. ಅಷ್ಟೇ.

ಡೇಟಾಬೇಸ್ ಕೆಟ್ಟಿದೆ ಅಂತ ಮೊದಲು ವಾದ ಮಾಡಿದೆ. ನಮ್ಮ ವೃತ್ತಿಯವರ ಮೊದಲ ಉತ್ತರ ಯಾವಾಗಲೂ ಅದೇ. ಆಮೇಲೆ ಕೋಡ್ ತೆಗೆದು ನೋಡಿದರೆ ತಪ್ಪು ಒಂದೇ ಸಾಲಿನಲ್ಲಿತ್ತು. ಪರದೆಯಲ್ಲಿ ತುಂಬಿದ ಐದು ಸಂಗತಿಗಳನ್ನು ಒಂದು ಆಬ್ಜೆಕ್ಟ್ ಮಾಡಿ, ಆ ರೈತನ ಡಾಕ್ಯುಮೆಂಟಿಗೆ 'ಸೆಟ್' ಅಂತ ಕೊಟ್ಟಿದ್ದೆ. ಸೆಟ್ ಅಂದರೆ ಏನರ್ಥ? "ಇನ್ನು ಮೇಲೆ ಈ ದಾಖಲೆ ಅಂದರೆ ಇದು, ಇಷ್ಟೇ" ಅಂತ. ಡೇಟಾಬೇಸ್ ನಾನು ಹೇಳಿದ್ದನ್ನು ಅಕ್ಷರಶಃ ಮಾಡಿತ್ತು. ದೂರು ಕೊಡೋಕೆ ಜಾಗವಿಲ್ಲ.

ಗುಮಾಸ್ತರು ತಮ್ಮ ಕಿರ್ದಿ ತೆಗೆದು ತೋರಿಸಿದರು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಪುಣ್ಯಕ್ಕೆ ನನ್ನ ಆ್ಯಪನ್ನು ನಂಬದೆ ಅದನ್ನೂ ಬರೆಯುತ್ತಿದ್ದರು. ಅದರಲ್ಲಿ ಯಾವ ಸಾಲನ್ನೂ ಅಳಿಸಿಲ್ಲ. 24 ಅಂತ ಬರೆಯುವ ಕಡೆ 42 ಬರೆದರೆ ಅದರ ಮೇಲೆ ಒಂದೇ ಒಂದು ಗೀಟು, ಕೆಳಗಿನ ಅಂಕಿ ಓದೋಕೆ ಬರಬೇಕು, ಪಕ್ಕದಲ್ಲಿ ಸರಿಯಾದ ಅಂಕಿ, ಅದರ ಪಕ್ಕ ಸಹಿ. ಹೊಸ ವ್ಯವಹಾರ ಬಂದರೆ ಹೊಸ ಸಾಲು. ಹಳೆ ಹಾಳೆ ಹರಿದು ಹೊಸದಾಗಿ ಬರೆಯುವುದು ಅವರ ಜನ್ಮದಲ್ಲಿಲ್ಲ. ನಾನು ಮಾಡಿದ್ದು ಅದನ್ನೇ: ಪ್ರತಿ ಸಲ ಹಾಳೆ ಹರಿದು, ಕೈಯಲ್ಲಿದ್ದಷ್ಟನ್ನು ಹೊಸ ಹಾಳೆಗೆ ಬರೆದು, ಅದೇ ಜಾಗಕ್ಕೆ ಹೊಲಿದದ್ದು. ಎರಡು ರಾತ್ರಿ ಕೂತು ಆ ಕಿರ್ದಿ ನೋಡಿ ಎಲ್ಲವನ್ನೂ ಮತ್ತೆ ತುಂಬಿದೆ. ಫೈರ್‌ಸ್ಟೋರಿನಲ್ಲಿ ಈಗ ಹಿಂದಿನ 7 ದಿನಗಳ ಯಾವ ನಿಮಿಷಕ್ಕಾದರೂ ವಾಪಸ್ ಹೋಗುವ ಸೌಲಭ್ಯ ಇದೆ, ಆದರೆ ಅದನ್ನು ಮುಂಚೆಯೇ ಆನ್ ಮಾಡಿಟ್ಟಿರಬೇಕು. ಮೂರು ವಾರದ ತಪ್ಪಿಗೆ 7 ದಿನ ಎಲ್ಲಿ ಸಾಲುತ್ತದೆ?

ಮೊದಲ ಮದ್ದು ಎಲ್ಲರಿಗೂ ಗೊತ್ತಿರುವುದೇ. ಸೆಟ್ ಜೊತೆ 'ಮರ್ಜ್: ಟ್ರೂ' ಅಂತ ಕೊಟ್ಟರೆ ಕೊಟ್ಟ ಫೀಲ್ಡುಗಳು (ಹೆಸರು, ಫೋನ್ ನಂಬರಿನಂಥ ಒಂದೊಂದು ಖಾನೆ) ಮಾತ್ರ ಬದಲಾಗುತ್ತವೆ, ಉಳಿದವು ಇದ್ದಲ್ಲೇ ಇರುತ್ತವೆ. ಡಾಕ್ಯುಮೆಂಟೇ ಇಲ್ಲದಿದ್ದರೆ ಹೊಸದು ಹುಟ್ಟುತ್ತದೆ. 'ಅಪ್‌ಡೇಟ್' ಕೂಡ ಕೊಟ್ಟಷ್ಟನ್ನೇ ಬದಲಿಸುತ್ತದೆ, ಆದರೆ ಡಾಕ್ಯುಮೆಂಟ್ ಇಲ್ಲದಿದ್ದರೆ ತಪ್ಪು ಅಂತ ವಾಪಸ್ ಕಳಿಸುತ್ತದೆ. ನನಗೆ ಅಪ್‌ಡೇಟ್ ಹೆಚ್ಚು ಇಷ್ಟ. ರೈತನ ಐಡಿ ಒಂದಕ್ಷರ ತಪ್ಪಿದರೆ ಮರ್ಜ್ ಸದ್ದಿಲ್ಲದೆ ಇಲ್ಲದ ರೈತನೊಬ್ಬನನ್ನು ಸೃಷ್ಟಿಸುತ್ತದೆ. ಅಪ್‌ಡೇಟ್ ಕೂಗುತ್ತದೆ. ಕೂಗುವ ತಪ್ಪು ಒಳ್ಳೆಯದು.

ಆದರೆ ಇವೆರಡರಲ್ಲೂ ಒಳಸುಳಿ ಇದೆ. ರೈತನ ದಾಖಲೆಯಲ್ಲಿ 'ವಿಳಾಸ' ಅಂತ ಒಂದು ಮ್ಯಾಪ್, ಅಂದರೆ ಒಳಗೆ ಬೇರೆ ಫೀಲ್ಡುಗಳಿರುವ ಫೀಲ್ಡ್, ಇದೆ ಅಂದುಕೊಳ್ಳಿ, ಅದರೊಳಗೆ ಊರು, ಹೋಬಳಿ, ತಾಲ್ಲೂಕು. ತಾಲ್ಲೂಕು ಮಾತ್ರ ತಿದ್ದಬೇಕು. ಅಪ್‌ಡೇಟಿಗೆ 'ವಿಳಾಸ' ಅಂತ ಹೇಳಿ, ಒಳಗೆ ತಾಲ್ಲೂಕು ಒಂದನ್ನೇ ಇಟ್ಟು ಕೊಟ್ಟರೆ ಊರು, ಹೋಬಳಿ ಎರಡೂ ಮಾಯ. ಮೇಲಿನ ಮಟ್ಟದಲ್ಲಿ ಉಳಿಸಿದ್ದನ್ನು ಒಳಮಟ್ಟದಲ್ಲಿ ಕಳೆದಿರಿ. ಇಲ್ಲಿ ಚುಕ್ಕಿ ಬೇಕು: 'ವಿಳಾಸ.ತಾಲ್ಲೂಕು' ಅಂತ ದಾರಿ ಹೇಳಬೇಕು. ಸರಿ, ಚುಕ್ಕಿ ಕಲಿತೆವು ಅಂತ ಅದನ್ನೇ ಸೆಟ್-ಮರ್ಜಿಗೆ ಕೊಟ್ಟರೆ? ಅದು ಚುಕ್ಕಿಯನ್ನು ದಾರಿ ಅಂತ ಓದುವುದಿಲ್ಲ. ಚುಕ್ಕಿ ಸಮೇತದ ಹೆಸರಿನ ಹೊಸ ಫೀಲ್ಡನ್ನೇ ಮೇಲುಗಡೆ ಮಾಡಿಟ್ಟುಬಿಡುತ್ತದೆ. ಮರ್ಜಿಗೆ ಮ್ಯಾಪನ್ನು ಮ್ಯಾಪಿನಂತೆಯೇ ಕೊಡಬೇಕು, ಅದು ತಾನೇ ಒಳಗೆ ಇಳಿದು ಹೊಂದಿಸುತ್ತದೆ. ಎರಡು ಆಜ್ಞೆ, ಎರಡು ಸ್ವಭಾವ, ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ.

ಈಗ ಚೀಲಗಳ ಪಟ್ಟಿಗೆ ಬರೋಣ. ಇದು ಅರೇ. ಮರ್ಜ್ ಅರೇ ಒಳಗೆ ಇಳಿಯುವುದಿಲ್ಲ, ಇಡೀ ಅರೇಯನ್ನು ಬದಲಿಸುತ್ತದೆ. ಅದಕ್ಕಾಗಿ 'ಅರೇ-ಯೂನಿಯನ್' ಇದೆ: ಇದ್ದ ಪಟ್ಟಿಗೆ ಇದೊಂದನ್ನು ಸೇರಿಸು. ಹಳೆಯ ಪಟ್ಟಿ ಓದಬೇಕಾಗಿಯೇ ಇಲ್ಲ. ನನಗೆ ಸ್ವರ್ಗ ಸಿಕ್ಕಂತಾಯಿತು, ಎಲ್ಲ ಕಡೆ ಅದನ್ನೇ ಹಾಕಿದೆ. ಹತ್ತು ದಿನಕ್ಕೆ ಗುಮಾಸ್ತರ ಫೋನು ಮತ್ತೆ ಬಂತು. ಒಬ್ಬ ರೈತ ಒಂದೇ ದಿನ ಎರಡು ಟ್ರ್ಯಾಕ್ಟರ್ ಲೋಡು ತಂದಿದ್ದ. ಎರಡೂ 30 ಚೀಲ, ಎರಡಕ್ಕೂ ಒಂದೇ ದರ, ನಾನು ಬರೆಸಿದ್ದು ತಾರೀಕು, ಚೀಲ, ದರ ಇಷ್ಟೇ. ಯೂನಿಯನ್ ಹೆಸರೇ ಹೇಳುವ ಹಾಗೆ ಅದು ಗಣ, ಒಂದೇ ಥರದ ಎರಡು ಸದಸ್ಯರನ್ನು ಇಟ್ಟುಕೊಳ್ಳುವುದಿಲ್ಲ. ಎರಡನೇ ಲೋಡು "ಆಗಲೇ ಇದೆಯಲ್ಲ" ಅಂತ ಬಿಟ್ಟುಹೋಯಿತು. ಪ್ಲಸ್ ಟೂನಲ್ಲಿ ಗಣಸಿದ್ಧಾಂತ ಓದಿದ್ದೆವು, ಮೂವತ್ತು ಚೀಲ ಮೆಕ್ಕೆಜೋಳದಲ್ಲಿ ಅದರ ಅರ್ಥ ಆಯಿತು.

ಸಮಯ ಸೇರಿಸಿದರೆ ಎರಡೂ ಬೇರೆ ಆಗುತ್ತವಲ್ಲ ಅಂತ ನೀವು ಹೇಳಬಹುದು. ನಿಜ. ಆದರೆ ಸರ್ವರಿನ ಗಡಿಯಾರದ ಸಮಯ, ಅಂದರೆ 'ಸರ್ವರ್ ಟೈಮ್‌ಸ್ಟ್ಯಾಂಪ್', ಅರೇ ಒಳಗೆ ಇಡೋಕೆ ಬಿಡುವುದಿಲ್ಲ. ಫೋನಿನ ಗಡಿಯಾರ ಇಡಬೇಕು, ಅದನ್ನು ಯಾರ ಮಗನೋ ಗೇಮ್ ಆಡೋಕೆ ಹಿಂದೆ ಮುಂದೆ ಮಾಡಿರುತ್ತಾನೆ. ಜೊತೆಗೆ ಒಂದು ಡಾಕ್ಯುಮೆಂಟಿನ ಗಾತ್ರ 1 ಎಂಐಬಿ, ಅಂದರೆ ಸುಮಾರು ಹತ್ತು ಲಕ್ಷ ಬೈಟ್, ದಾಟುವಂತಿಲ್ಲ. ಸುಗ್ಗಿ ಮೇಲೆ ಸುಗ್ಗಿ ಅರೇ ಉಬ್ಬುತ್ತಾ ಹೋದರೆ ಒಂದು ದಿನ ತಟ್ಟುತ್ತದೆ, ಅದಕ್ಕೂ ಮುಂಚೆ ಫೋನು ಪ್ರತಿ ಸಲ ಇಡೀ ಪಟ್ಟಿ ಇಳಿಸಿಕೊಂಡು ಸುಸ್ತಾಗುತ್ತದೆ.

ಹಾಗಾಗಿ ಕೊನೆಗೆ ಕಿರ್ದಿಯ ದಾರಿಗೇ ಬಂದೆ. ರೈತನ ಡಾಕ್ಯುಮೆಂಟಿನ ಕೆಳಗೆ 'ಲೋಡುಗಳು' ಅಂತ ಸಬ್‌ಕಲೆಕ್ಷನ್ (ಆ ದಾಖಲೆಯ ಅಡಿಯಲ್ಲಿ ಇಡುವ ದಾಖಲೆಗಳ ಗುಂಪು), ಪ್ರತಿ ಲೋಡಿಗೂ ಸ್ವಂತ ಡಾಕ್ಯುಮೆಂಟ್. ಹೊಸ ಸಾಲು ಹಳೆಯ ಸಾಲನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಸರ್ವರ್ ಸಮಯವನ್ನೂ ಫೀಲ್ಡಾಗಿ ಇಡಬಹುದು, ಇಡಲೇಬೇಕು: ಫೈರ್‌ಸ್ಟೋರ್ ತಾನೇ ಕೊಡುವ 20 ಅಕ್ಷರದ ಐಡಿಗೆ ಹಿಂದು ಮುಂದಿನ ಕ್ರಮ ಇರುವುದಿಲ್ಲ. ಇದರ ಅಣ್ಣ, 2012ರಲ್ಲಿ ಬಂದ ರಿಯಲ್‌ಟೈಮ್ ಡೇಟಾಬೇಸ್, ಅಲ್ಲಿ 'ಪುಶ್' ಕೊಡುವ ಐಡಿಯೂ 20 ಅಕ್ಷರವೇ, ಆದರೆ ಮೊದಲ 8 ಅಕ್ಷರದಲ್ಲಿ ಸಮಯ ಅಡಗಿದೆ, ಉಳಿದ 12 ಯಾದೃಚ್ಛಿಕ. ಅಲ್ಲಿ ಐಡಿ ಪ್ರಕಾರ ಜೋಡಿಸಿದರೆ ಸಾಲುಗಳು ಬಂದ ಕ್ರಮದಲ್ಲೇ ನಿಲ್ಲುತ್ತವೆ. ಬಹಳ ಚಂದದ ಉಪಾಯ ಅದು.

ಹೀಗೆ ಸಾಲಿನ ಕೆಳಗೆ ಸಾಲು ಬರೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಮಾರಿಕಣಿವೆ ನೋಡಿದ್ದೀರಲ್ಲ, ಹಿರಿಯೂರಿನ ವಾಣಿವಿಲಾಸ ಸಾಗರ. 2022ರ ಸೆಪ್ಟೆಂಬರಿನಲ್ಲಿ ಅದು 130 ಅಡಿ ತುಂಬಿ ಕೋಡಿ ಬಿದ್ದಾಗ ಚಿತ್ರದುರ್ಗದ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿದ್ದರು. 1933ರ ನಂತರ ಇದೇ ಮೊದಲು ಅಂತ ಎಲ್ಲರ ಬಾಯಲ್ಲೂ ಬಂತು. ಆ 1933 ನಮಗೆ ಹೇಗೆ ಗೊತ್ತು? ನೀರಿನ ಮಟ್ಟವನ್ನು ಸಾಲಿನ ಕೆಳಗೆ ಸಾಲು ಬರೆದಿಟ್ಟಿದ್ದರಿಂದ. ನನ್ನಂಥವನು ಅಲ್ಲಿದ್ದು 'ಇವತ್ತಿನ ಮಟ್ಟ' ಅಂತ ಒಂದೇ ಫೀಲ್ಡ್ ಮಾಡಿ ದಿನಾ ಅದರ ಮೇಲೇ ಬರೆದಿದ್ದರೆ, 89 ವರ್ಷ ಅನ್ನುವ ಮಾತೇ ಹುಟ್ಟುತ್ತಿರಲಿಲ್ಲ.

ಆದರೆ ಬಾಕಿ ಅನ್ನುವುದು ಸಾಲಲ್ಲ, ಒಂದು ಅಂಕಿ. ಅದು ಬದಲಾಗಲೇಬೇಕು. ಇಲ್ಲಿ ಇನ್ನೊಂದು ಥರ ಅಳಿಸಿಹೋಗುತ್ತದೆ. ರೈತನ ಬಾಕಿ 12,000. ಅಂಗಡಿಯಲ್ಲಿ ಗುಮಾಸ್ತರು 3,000 ಮುಂಗಡ ಕೊಟ್ಟು ಬರೆಯುತ್ತಿದ್ದಾರೆ. ಅದೇ ಹೊತ್ತಿಗೆ ಸಾಹುಕಾರರ ಮಗ ಊರಲ್ಲಿ 5,000 ಕೊಟ್ಟು ತನ್ನ ಫೋನಿನಲ್ಲಿ ಬರೆಯುತ್ತಿದ್ದಾನೆ. ಎರಡು ಫೋನೂ 12,000 ಅಂತ ಓದಿದವು. ಒಂದು 15,000 ಬರೆಯಿತು, ಇನ್ನೊಂದು 17,000. ಆಗಬೇಕಾಗಿದ್ದು 20,000. ಕಡೆಗೆ ಬಂದವನದೇ ಮಾತು ನಿಂತಿತು, ಯಾವ ಎರರ್ರೂ ಇಲ್ಲ, ಕೆಂಪು ಅಕ್ಷರವೂ ಇಲ್ಲ. ಇಲ್ಲಿ ಅಪ್‌ಡೇಟನ್ನೇ ಬಳಸಿದ್ದೆ, ಒಂದೇ ಫೀಲ್ಡ್ ಮುಟ್ಟಿದ್ದೆ, ಆದರೂ ಹೀಗಾಯಿತು. ಯಾಕೆಂದರೆ ನಾನು ಕಳಿಸಿದ್ದು ಫಲಿತಾಂಶ. ಕಳಿಸಬೇಕಾಗಿದ್ದು ಬದಲಾವಣೆ. "ಬಾಕಿ 15,000" ಅನ್ನಬಾರದು, "ಬಾಕಿಗೆ 3,000 ಕೂಡಿಸು" ಅನ್ನಬೇಕು. ಅದೇ 'ಇನ್‌ಕ್ರಿಮೆಂಟ್'. ಕೂಡುವ ಕೆಲಸ ಸರ್ವರಿನಲ್ಲಿ ನಡೆಯುತ್ತದೆ, ಯಾರು ಮೊದಲು ಬಂದರೂ ಮೊತ್ತ ಒಂದೇ.

"ಬಾಕಿ 50,000 ದಾಟಿದ್ದರೆ ಮುಂಗಡ ಕೊಡಬೇಡ" ಅನ್ನುವಂಥ ಶರತ್ತು ಇದ್ದರೆ ಓದಿಯೇ ಬರೆಯಬೇಕು. ಅಲ್ಲಿ ಟ್ರಾನ್ಸಾಕ್ಷನ್. ಓದಿದ ಮೇಲೆ ಬರೆಯುವಷ್ಟರಲ್ಲಿ ಬೇರೆಯವರು ಕೈಹಾಕಿದ್ದರೆ ಅದು ಮತ್ತೆ ಮೊದಲಿಂದ ಓದುತ್ತದೆ. ಒಂದು ತೊಡಕು: ನೆಟ್‌ವರ್ಕ್ ಇಲ್ಲದಿದ್ದರೆ ಟ್ರಾನ್ಸಾಕ್ಷನ್ ನಡೆಯುವುದಿಲ್ಲ. ಇನ್‌ಕ್ರಿಮೆಂಟ್, ಅರೇ-ಯೂನಿಯನ್, ಹೊಸ ಡಾಕ್ಯುಮೆಂಟ್ ಇವು ಫೋನಿನಲ್ಲೇ ಕಾದು ಕೂತು ಸಿಗ್ನಲ್ ಬಂದಾಗ ಹೋಗುತ್ತವೆ. ಬರಿಯ ಸೆಟ್ ಕೂಡ ಕಾದು ಹೋಗುತ್ತದೆ ಅನ್ನುವುದೇ ಭಯ: ಬೆಳಿಗ್ಗೆ ಮೊಳಕಾಲ್ಮೂರಿನ ಹೊಲದಲ್ಲಿ ಒತ್ತಿದ ಸೆಟ್ಟು ಸಂಜೆ ಬಂದು ಮಧ್ಯಾಹ್ನ ಬರೆದದ್ದರ ಮೇಲೆ ಕೂರುತ್ತದೆ.

ಇನ್‌ಕ್ರಿಮೆಂಟಿಗೂ ಒಂದು ಕುಂದಿದೆ. ಸೇವ್ ಬಟನ್ ಎರಡು ಸಲ ಒತ್ತಿದರೆ ಎರಡು ಸಲ ಕೂಡುತ್ತದೆ. ಯಾರ್ಡಿನಲ್ಲಿ ಬೆವರುಗೈಯಲ್ಲಿ ಬಟನ್ ಒತ್ತುವವರು ಒಂದೇ ಸಲ ಒತ್ತಿದ್ದನ್ನು ನಾನು ಕಂಡಿಲ್ಲ. ನಾನು ಈಗ ಮಾಡುವುದು ಹೀಗೆ: ಪರದೆ ತೆರೆದ ಕೂಡಲೇ ಆ ವ್ಯವಹಾರಕ್ಕೆ ಐಡಿ ಕೊಟ್ಟುಬಿಡುತ್ತೇನೆ. ಸೇವ್ ಒತ್ತಿದಾಗ ಆ ಐಡಿಯಲ್ಲಿ ಹೊಸ ಸಾಲು, ಜೊತೆಗೆ ಬಾಕಿಗೆ ಇನ್‌ಕ್ರಿಮೆಂಟ್, ಎರಡನ್ನೂ ಒಂದೇ ಬ್ಯಾಚಿನಲ್ಲಿ. ಬ್ಯಾಚ್ ಆದರೆ ಪೂರ್ತಿ ಆಗುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಇನ್ನು ಸೆಕ್ಯುರಿಟಿ ರೂಲ್ಸಿನಲ್ಲಿ, ಅಂದರೆ ಯಾರು ಏನು ಮಾಡಬಹುದು ಅಂತ ಸರ್ವರಿನಲ್ಲಿ ಇಡುವ ನಿಯಮಗಳಲ್ಲಿ, ಬರೆಯುವುದನ್ನು ಮೂರು ಪಾಲು ಮಾಡಬಹುದು: ಕ್ರಿಯೇಟ್, ಅಪ್‌ಡೇಟ್, ಡಿಲೀಟ್. ಲೋಡುಗಳಿಗೆ ಕ್ರಿಯೇಟ್ ಮಾತ್ರ ಬಿಟ್ಟಿದ್ದೇನೆ. ಇರುವ ಸಾಲಿನ ಮೇಲೆ ಫೋನಿನಿಂದ ಸೆಟ್ ಬಂದರೆ ರೂಲ್ಸಿನ ಲೆಕ್ಕದಲ್ಲಿ ಅದು ಅಪ್‌ಡೇಟ್, ಬಾಗಿಲಲ್ಲೇ ತಡೆ. ಎರಡನೇ ಸಲ ಒತ್ತಿದ ಬ್ಯಾಚ್ ಪೂರ್ತಿ ಬಿದ್ದುಹೋಗುತ್ತದೆ, ಬಾಕಿಯೂ ಎರಡು ಸಲ ಕೂಡುವುದಿಲ್ಲ. ತಪ್ಪು ತಿದ್ದಬೇಕಾದರೆ ಇನ್ನೊಂದು ಸಾಲು, ಮೈನಸ್ ಅಂಕಿಯದ್ದು. ಇದನ್ನು ತೋರಿಸಿದಾಗ ಗುಮಾಸ್ತರು "ಈಗ ಗೀಟು ಹೊಡೆಯೋದು ಕಲಿತೆ" ಅಂದರು.

ಬೇರೆ ಡೇಟಾಬೇಸ್ ಬಳಸುವವರಿಗೆ ಎರಡೇ ಮಾತು. ಮೊಂಗೋಡಿಬಿಯಲ್ಲಿ ರಿಪ್ಲೇಸ್-ಒನ್ ಹಾಳೆ ಹರಿಯುವುದು, ಅಪ್‌ಡೇಟ್-ಒನ್ ಜೊತೆ ಡಾಲರ್-ಸೆಟ್ ತಿದ್ದುವುದು. ಅಲ್ಲಿ ಡಾಲರ್-ಪುಶ್ ಎರಡನೇ 30 ಚೀಲವನ್ನೂ ಇಟ್ಟುಕೊಳ್ಳುತ್ತದೆ, ಆ್ಯಡ್-ಟು-ಸೆಟ್ ಇಟ್ಟುಕೊಳ್ಳುವುದಿಲ್ಲ. ಡೈನಮೋಡಿಬಿಯಲ್ಲಿ ಪುಟ್-ಐಟಂ ನನ್ನ ಹಳೆಯ ಸೆಟ್ಟಿನ ತದ್ರೂಪ, ಬೇಕಾಗಿರುವುದು ಅಪ್‌ಡೇಟ್-ಐಟಂ.

ಸರಿ, ಮಾತು ಸಾಕು. ಇಬ್ಬರು ಮುಂದೆ ಬನ್ನಿ, ಫೋನ್ ತನ್ನಿ. ಹಾಂ, ಹಿಂದಿನ ಬೆಂಚಿನಲ್ಲಿ ಈಗಷ್ಟೇ ಎದ್ದವರು ನೀವೇ ಬನ್ನಿ. ಇಬ್ಬರೂ ಏರೋಪ್ಲೇನ್ ಮೋಡ್ ಹಾಕಿ. ಒಬ್ಬರು 3,000 ಒತ್ತಿ, ಇನ್ನೊಬ್ಬರು 5,000. ಪರದೆಯ ಮೇಲೆ ಈಗ ಬಾಕಿ 12,000 ಇದೆ, ಎಲ್ಲರೂ ನೋಡುತ್ತಿರಿ. ಮೊದಲು ನನ್ನ ಹಳೇ ಕೋಡ್. ನಾನು ಹೇಳಿದಾಗ ಸಿಗ್ನಲ್ ಆನ್ ಮಾಡಿ.