ಅವಧಿ ಮೀರಿದ ರೀಲಿಗೆ ಬೆಳಕಿನ ಹಸಿವು

ಕೇಳುಗರಿಗೆ ನಮಸ್ಕಾರ. ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನ ಕ್ಯಾಮೆರಾ ಇದ್ದರೆ, ಅದರ ಮಗ್ಗುಲಲ್ಲಿ ಬಿಚ್ಚದ ರೀಲೂ ಇದ್ದೀತು. ಅವಧಿ ಮುಗಿದಿದೆ ಎಂದು ಎಸೆಯಬೇಡಿ. ಅದೇನು ಹಾಲೇ, ಒಡೆದುಹೋಗಲು? ಮಂಕಾಗಿರುತ್ತದೆ, ಅಷ್ಟೆ. ಅದಕ್ಕೆ ಮದ್ದು ಒಂದೇ: ಚಿತ್ರ ತೆಗೆಯುವಾಗ ಬೆಳಕು ಹೆಚ್ಚು ಕೊಡಿ.

ನಾನು ಹೇಳುತ್ತಿರುವುದು ಕಪ್ಪು ಬಿಳುಪಿನ 120 ರೀಲಿನ ವಿಷಯ. ಬೆನ್ನಿಗೆ ಕಾಗದ ಸುತ್ತಿದ ಅಗಲದ ರೀಲು. ಕೊಡಕ್ 1901ರಲ್ಲಿ ತಂದದ್ದು ಇಂದಿಗೂ ಮಾರಾಟದಲ್ಲಿದೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇದನ್ನು ‘ಇಂದು’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಇಂದು ಎಂದರೆ ಚಂದ್ರ. ಎಂಥ ಚೆಂದದ ಹೆಸರು!

2019ರಲ್ಲಿ, ಬಾಗಿಲು ಮುಚ್ಚಿದ ಸ್ಟುಡಿಯೋ ಒಂದರ ಬೀರುವಿನಲ್ಲಿ ನನಗೆ ಅಂಥ ಎರಡು ರೀಲು ಸಿಕ್ಕವು. ಪೊಟ್ಟಣದ ಮೇಲೆ ಅವಧಿ 1989, ವೇಗ, ಅಂದರೆ ಬೆಳಕು ಹಿಡಿಯುವ ಚುರುಕು, 125. ತಾರಸಿಯಲ್ಲಿ ದೊಡ್ಡಮ್ಮ ಹಪ್ಪಳ ಒಣಗಿಸುತ್ತಿದ್ದರು. ನಾನು ಮಹಾ ಜಾಣ, ಬೆಳಕು ಅಳೆಯುವ ಮೀಟರನ್ನು 125ಕ್ಕೇ ಇಟ್ಟು ಹನ್ನೆರಡೂ ಚಿತ್ರ ತೆಗೆದೆ. ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ ತೊಳೆದು ನೋಡಿದರೆ, ಬರೀ ಬೂದಿ. ಒಂದರಲ್ಲಿ ಮಾತ್ರ ದೊಡ್ಡಮ್ಮನ ಮುಖ ಮಸುಕಾಗಿ ಮೂಡಿತ್ತು. ಹಣೆಯ ಮೇಲೆ ದಪ್ಪಗೆ 7 ಎಂಬ ಅಂಕಿ! ಬೆನ್ನ ಕಾಗದದ ಮೇಲಿನ ಚಿತ್ರಸಂಖ್ಯೆಯ ಶಾಯಿ ಮೂವತ್ತು ವರ್ಷ ಫಿಲ್ಮಿಗೆ ಒತ್ತಿಕೊಂಡು ಕೂತು ಅಚ್ಚಾಗಿಬಿಟ್ಟಿತ್ತು. ದೊಡ್ಡಮ್ಮ ಕನ್ನಡಕ ಏರಿಸಿ ಕೇಳಿದರು, “ಏಳು ಅಂಕ ಕೊಟ್ಟಿದ್ದೀಯಲ್ಲೋ, ಹತ್ತಕ್ಕೋ ನೂರಕ್ಕೋ?”

ಎರಡನೆಯ ರೀಲಿಗೆ ಲೆಕ್ಕ ಹಾಕಿದೆ. ಹತ್ತು ವರ್ಷಕ್ಕೊಮ್ಮೆ ಬೆಳಕು ಇಮ್ಮಡಿ. ಮೂವತ್ತು ವರ್ಷಕ್ಕೆ ಎಂಟರಷ್ಟು. ಮೀಟರಿನ ಅಂಕಿ ಇಳಿದಷ್ಟೂ ಫಿಲ್ಮಿಗೆ ಬೆಳಕು ಹೆಚ್ಚು; 125ನ್ನು ಎಂಟರಿಂದ ಭಾಗಿಸಿ 16ಕ್ಕೆ ಇಳಿಸಿದೆ. ದೊಡ್ಡಮ್ಮನ ಬೆರಳಿನ ಗೆಣ್ಣು, ಹಪ್ಪಳದ ಮೇಲಿನ ಜೀರಿಗೆ, ಎಲ್ಲವೂ ಬಂದವು. ಅಂಕಿಗಳೂ ಇದ್ದವು, ಆದರೆ ಹುಡುಕಿದರೆ ಮಾತ್ರ ಕಾಣುವಂತೆ.

ಏಕೆ ಹೀಗೆ? ಸೆಕೆಯೂ ಕಣ್ಣಿಗೆ ಕಾಣದ ವಿಕಿರಣವೂ ವರ್ಷಗಟ್ಟಲೆ ಫಿಲ್ಮಿನ ಮೇಲೆ ಮಬ್ಬು ಹರಡುತ್ತವೆ. ಆ ಮಬ್ಬನ್ನು ಮೀರಿ ನೆರಳಿನ ವಿವರ ಮೇಲೇಳಬೇಕು. ಅದಕ್ಕೇ ಹೇಳಿದ್ದು, ಬೆಳಕು ಹೆಚ್ಚು ಕೊಡಿ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ನನ್ನ ಹೊತ್ತು ಮುಗಿಯಿತಂತೆ. ತೊಳೆಯುವಾಗ ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಹೆಚ್ಚು ಹೊತ್ತು ನೆನೆಸಬೇಡಿ, ಮಬ್ಬೂ ಬೆಳೆಯುತ್ತದೆ. ಬಣ್ಣದ ರೀಲಿನ ಗೊಡವೆ ಬೇಡ. ಮೊಬೈಲಿನಲ್ಲೇ ಹಳೆಯ ಚಿತ್ರದಂತೆ ಮಾಡಬಹುದಲ್ಲ ಎನ್ನುವವರಿಗೆ ಉತ್ತರ ಕೊಡಲು ನನಗೆ ಇನ್ನೊಂದು ದಿನ ಬೇಕು. ನಾಳೆ ಅಟ್ಟ ಹತ್ತಿದಾಗ ಮೊದಲು ಪೊಟ್ಟಣದ ತಾರೀಖು ನೋಡಿ, ದಶಕ ಎಣಿಸಿ. ನಮಸ್ಕಾರ.