ಲೈಟರ್‌ಗೂ ಒಂದು ಬೊಟ್ಟು ಕುಂಕುಮ

ಕೇಳುಗರಿಗೆ ನಮಸ್ಕಾರ.

ಕಳೆದ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಯಿತು. ಕಾರಣ, ಗ್ಯಾಸ್ ಲೈಟರ್.

ಆಯುಧಪೂಜೆ ಅಂದರೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎದ್ದು ಸ್ಕೂಟರ್ ತೊಳೆಯುವುದು, ಹ್ಯಾಂಡಲ್‌ಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಬಾಗಿಲ ಮುಂದೆ ಬೂದುಗುಂಬಳ. ನಮ್ಮ ಮನೆಯಲ್ಲಿ ಆಯುಧ ಅಂತ ಇರುವುದು ಒಂದು ಈಳಿಗೆಮಣೆ, ಒಂದು ಸುತ್ತಿಗೆ, ಮಗನ ಲ್ಯಾಪ್‌ಟಾಪು. ಅವನ್ನು ಮಣೆಯ ಮೇಲೆ ಸಾಲಾಗಿ ಇಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದೆ. ಎಂಟು ವರ್ಷದ ಮೊಮ್ಮಗಳು ಅಡುಗೆಮನೆಯಿಂದ ಲೈಟರ್ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. ಮಗ ತೆಗೆದು ಆಚೆ ಇಟ್ಟ. ಅವಳು ಮತ್ತೆ ತಂದಿಟ್ಟಳು. "ಇದು ಆಯುಧ ಅಲ್ಲ ಪುಟ್ಟಿ" ಅಂದ ಅವನು. "ನಿನ್ನ ಲ್ಯಾಪ್‌ಟಾಪ್ ಯಾರನ್ನು ಹೊಡೆಯುತ್ತೆ?" ಅಂತ ಇವಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ದಿನಾ ಎಲ್ಲಕ್ಕಿಂತ ಮುಂಚೆ ಕೆಲಸ ಮಾಡೋದು ಇದೇ ಅಲ್ವಾ?" ಅಂದಳು.

ನಿಜ. ಬೆಳಿಗ್ಗೆ ಐದೂವರೆಗೆ ನಮ್ಮ ಮನೆಯಲ್ಲಿ ಮೊದಲು ಡ್ಯೂಟಿಗೆ ಹಾಜರಾಗುವುದು ಲೈಟರೇ.

ನನಗೆ ಒಂದು ಹವ್ಯಾಸ ಇದೆ. ಅಂಚೆ ಕಚೇರಿಯಿಂದ ನಿವೃತ್ತಿ ಆದ ಮೇಲೆ ಅಂಟಿಕೊಂಡದ್ದು. ಕೆಟ್ಟುಹೋದ ವಸ್ತುವನ್ನು ಬಿಚ್ಚಿ ಒಳಗೆ ಏನಿದೆ ಅಂತ ನೋಡುವುದು. ರಿಪೇರಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ನಾನು ಜೋಡಿಸಿದ ಮೇಲೆ ಯಾವಾಗಲೂ ಒಂದು ಸ್ಕ್ರೂ ಮಿಕ್ಕುತ್ತದೆ. ಹಾಗೆ ಮಿಕ್ಕ ಸ್ಕ್ರೂಗಳದ್ದೇ ಒಂದು ಹಾರ್ಲಿಕ್ಸ್ ಬಾಟಲಿ ತುಂಬಿದೆ. ಹಾಗೆ ಬಿಚ್ಚಿದ್ದರಲ್ಲಿ ಮೊದಲನೆಯದೇ ಒಂದು ಹಳೆಯ ಲೈಟರ್.

ಒಳಗೆ ಏನೂ ಇಲ್ಲ ಅನ್ನುವಷ್ಟು ಕಡಿಮೆ ಸಾಮಾನು. ಒಂದು ಸ್ಪ್ರಿಂಗು, ಒಂದು ಪುಟಾಣಿ ಸುತ್ತಿಗೆ, ಅದರ ಎದುರು ಪಿಂಗಾಣಿಯಂಥ ಒಂದು ಸಣ್ಣ ತುಂಡು. ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಸ್ಪ್ರಿಂಗ್ ಬಿಗಿಯುತ್ತದೆ. ಒಂದು ಹಂತ ದಾಟಿದ ಕೂಡಲೇ ಸುತ್ತಿಗೆ ಜಾರಿ ಟಪ್ ಅಂತ ಆ ತುಂಡಿಗೆ ಬಡಿಯುತ್ತದೆ. ಆ ಪೆಟ್ಟಿಗೆ ಒಂದು ಕ್ಷಣ ಸಾವಿರಾರು ವೋಲ್ಟ್ ಹುಟ್ಟಿ, ತುದಿಯಲ್ಲಿ ಕಿಡಿ ಹಾರುತ್ತದೆ. ಸೆಲ್ ಬೇಡ, ಕರೆಂಟ್ ಬೇಡ, ಸೀಮೆಎಣ್ಣೆ ಬೇಡ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ ಅಂತ 1880ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಅಣ್ಣತಮ್ಮಂದಿರು, ಜಾಕ್ ಮತ್ತು ಪಿಯರ್ ಕ್ಯೂರಿ. ಈ ಪಿಯರ್ ಅವರೇ ಮುಂದೆ ಮೇರಿ ಕ್ಯೂರಿಯವರನ್ನು ಮದುವೆಯಾದದ್ದು. ಅವರು ಪರೀಕ್ಷೆ ಮಾಡಿದ ಹರಳುಗಳಲ್ಲಿ ಸಕ್ಕರೆಯೂ ಇತ್ತಂತೆ. ಇದನ್ನು ಓದಿದ ಮೇಲೆ ನಾನು ಕಾಫಿಗೆ ಸಕ್ಕರೆ ಹಾಕುವಾಗ ಒಮ್ಮೊಮ್ಮೆ ಡಬ್ಬಿಯನ್ನು ಸ್ವಲ್ಪ ಗೌರವದಿಂದ ನೋಡುತ್ತೇನೆ. ಮಧುಮೇಹ ಬಂದ ಮೇಲೆ ದೂರದಿಂದಲೇ ಗೌರವ.

ನಾನು ಚಿಕ್ಕವಳಿದ್ದಾಗ ಮಳೆಗಾಲ ಬಂತೆಂದರೆ ಅಮ್ಮ ಬೆಂಕಿಪೊಟ್ಟಣವನ್ನು ಒಲೆಯ ದಂಡೆಯ ಮೇಲೆ ಬೆಚ್ಚಗೆ ಇಡುತ್ತಿದ್ದರು. ಆದರೂ ಕಡ್ಡಿ ಥಂಡಿ ಹಿಡಿಯುತ್ತಿತ್ತು. ಗೀರಿದರೆ ಮದ್ದು ಕಿತ್ತು ಬರುತ್ತಿತ್ತು, ಬೆಂಕಿ ಬರುತ್ತಿರಲಿಲ್ಲ. ಈಗ ಲೈಟರ್ ಎರಡು ಸಲ ಕಟ್ ಕಟ್ ಅಂದು ಹೊತ್ತದಿದ್ದರೆ ನಮಗೆ ಸಿಟ್ಟು ಬರುತ್ತದೆ. ಎಷ್ಟೋ ಸಲ ಅದರ ತಪ್ಪಲ್ಲ. ಹಾಲು ಉಕ್ಕಿ ತುದಿಗೆ ಜಿಡ್ಡು ಕಟ್ಟಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ನೋಡಿ.

ಆ ದಿನ ಮೊಮ್ಮಗಳು ಗೆದ್ದಳು. ಗೆದ್ದವಳು ಸುಮ್ನೆ ಕೂತಳಾ? ಹತ್ತು ನಿಮಿಷದಲ್ಲಿ ಕುಕ್ಕರ್ ಬಂತು, ಮಿಕ್ಸಿಯ ಜಾರ್ ಬಂತು, ಉಗುರು ಕತ್ತರಿಸುವ ಕಟರ್ ಬಂತು, ಟಿವಿ ರಿಮೋಟ್ ಬಂತು. ನನ್ನ ಓದುವ ಕನ್ನಡಕವೂ ಬಂತು. ಮಣೆ ಸಾಲಲಿಲ್ಲ, ಚಾಪೆ ಹಾಸಿದೆವು.

ಆಯುಧಪೂಜೆಯ ದಿನ ಆಯುಧಕ್ಕೆ ರಜೆ ಅಂತಾರೆ. ಕುಕ್ಕರಿಗೆ ಮಾತ್ರ ಯಾವ ಹಬ್ಬದಲ್ಲೂ ರಜೆ ಇಲ್ಲ. ಕುಂಕುಮ ಇಟ್ಟು ಐದು ನಿಮಿಷಕ್ಕೆ ಎತ್ತಿಕೊಂಡು ಹೋದೆ, ಬೇಳೆ ಬೇಯಬೇಕಿತ್ತು. ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಬಿಗಿದು ಮೇಲೆ ವೇಟ್ ಕೂರಿಸಿದರೆ ಒಳಗೆ ಒತ್ತಡ ಏರಿ, ಅದೇ ನೀರು ಸುಮಾರು 120 ಡಿಗ್ರಿವರೆಗೂ ಹೋಗುತ್ತದೆ. ವ್ಯತ್ಯಾಸ ಬರೀ ಇಪ್ಪತ್ತು ಡಿಗ್ರಿ. ಆ ಇಪ್ಪತ್ತರಲ್ಲಿ ನಮ್ಮ ತೊಗರಿಬೇಳೆಯ ಅರ್ಧ ಗಂಟೆಯಾದರೂ ಉಳಿಯುತ್ತದೆ. ಇದನ್ನು ಮೊದಲು ಮಾಡಿದವರು ದೆನಿ ಪಾಪ್ಯಾ ಅನ್ನುವ ಫ್ರೆಂಚ್ ಮನುಷ್ಯ, 1679ರಲ್ಲಿ. ಅವರಿಗೆ ಬೇಯಿಸಬೇಕಾಗಿದ್ದದ್ದು ಬೇಳೆಯಲ್ಲ, ಎಲುಬು. ಎಲುಬನ್ನೂ ಮೆತ್ತಗೆ ಮಾಡುವ ಪಾತ್ರೆ. ಅದು ಸಿಡಿಯದಿರಲಿ ಅಂತ ಸೇಫ್ಟಿ ವಾಲ್ವ್ ಇಟ್ಟವರೂ ಅವರೇ.

ಆ ವಾಲ್ವಿಗೆ ನಾನು ಸ್ವಂತವಾಗಿ ಋಣಿ. ಒಂದು ಸಲ ವೇಟ್ ಕೂರುವ ಕೊಳವೆಯಲ್ಲಿ ಬೇಳೆ ಸಿಕ್ಕಿಕೊಂಡಿತ್ತು. ತೊಳೆಯುವಾಗ ನಾನು ನೋಡಿರಲಿಲ್ಲ, ತಪ್ಪು ನನ್ನದೇ. ಕುಕ್ಕರ್ ಕೂಗಲಿಲ್ಲ. ಇವತ್ಯಾಕೋ ನಿಧಾನ ಅಂದುಕೊಂಡು ಹಾಲ್‌ಗೆ ಬಂದು ಕೂತೆ. ಢಮ್ ಅಂತು. ಓಡಿ ಹೋಗಿ ನೋಡಿದರೆ ವಾಲ್ವ್ ಬಿಟ್ಟುಕೊಂಡು ಸಾರಿನ ಕಾರಂಜಿ ಸೂರಿನವರೆಗೂ ಹಾರಿತ್ತು. ಆ ವಾಲ್ವ್ ಹೋಗದೆ ಇದ್ದಿದ್ದರೆ ಮುಚ್ಚಳವೇ ಹೋಗುತ್ತಿತ್ತು. ಸೂರಿನ ಮೇಲೆ ಹಳದಿ ಕಲೆ ಈಗಲೂ ಇದೆ. ಎರಡು ಸಲ ಸುಣ್ಣ ಬಳಿದರೂ ಇಣುಕುತ್ತದೆ. ಈಗ ತೊಳೆದ ಮೇಲೆ ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತೇನೆ. ಆಚೆ ಕಿಟಕಿ ಕಂಡರೆ ಸರಿ.

ಇನ್ನು ಮಿಕ್ಸಿ. ಇದರ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು.

ನಮ್ಮಮ್ಮ ದೋಸೆಹಿಟ್ಟು ರುಬ್ಬುತ್ತಿದ್ದದ್ದು ಹಿತ್ತಲಿನ ಒರಳಿನಲ್ಲಿ. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂರುತ್ತಿದ್ದರು. ಬಲಗೈ ಗುಂಡು ತಿರುಗಿಸುತ್ತಿತ್ತು, ಎಡಗೈ ಅಂಚಿಗೆ ಬಂದ ಹಿಟ್ಟನ್ನು ಒಳಕ್ಕೆ ತಳ್ಳುತ್ತಿತ್ತು. ಗುಂಡು ಬರುವುದಕ್ಕೂ ಎಡಗೈ ಆಚೆ ಸರಿಯುವುದಕ್ಕೂ ಕೂದಲೆಳೆಯ ಅಂತರ. ನನ್ನ ಜೊತೆ ಮಾತಾಡುತ್ತಾ, ಅಕ್ಕಪಕ್ಕದವರಿಗೆ ಉತ್ತರ ಕೊಡುತ್ತಾ ಅವರು ಒಂದು ಸಲವೂ ತಪ್ಪಲಿಲ್ಲ. ಏಳು ಜನರ ಮನೆ. ಒಂದೂವರೆ ಗಂಟೆ ಹಿಡಿಯುತ್ತಿತ್ತು. ಬಲ ಅಂಗೈಯಲ್ಲಿ ರಾಗಿಕಾಳಿನಂಥ ಗಂಟುಗಳ ಒಂದು ಸಾಲು ಇತ್ತು. ಅದರಿಂದಲೇ ಬೆನ್ನು ಸವರಿ ಮಲಗಿಸುತ್ತಿದ್ದರು, ನನಗೆ ಗರಗರ ಅನ್ನಿಸುತ್ತಿತ್ತು.

ನನಗೆ ಕೆಲಸ ಸಿಕ್ಕಿ ಉಳಿಸಿದ ಹಣದಲ್ಲಿ ಮೊದಲು ತಂದದ್ದು ಮಿಕ್ಸಿ. ಅಮ್ಮ ಮೂರು ದಿನ ಮುಟ್ಟಲಿಲ್ಲ. ಸದ್ದಿಗೆ ಹೆದರಿಕೆ. ನಾಲ್ಕನೆಯ ದಿನ ಜಾರ್ ಮೇಲೆ ಟವಲ್ ಮುಚ್ಚಿ, ಮುಖ ಆಚೆ ತಿರುಗಿಸಿ, ಗುಂಡಿ ತಿರುವಿದರು. ನಿಮಿಷದಲ್ಲಿ ಕಾಯಿಚಟ್ನಿ. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡರು. ಒಂದು ಗಳಿಗೆ ಏನೂ ಹೇಳಲಿಲ್ಲ. ಆಮೇಲೆ, "ಇದನ್ನ ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ" ಅಂದರು.

ಒರಳಿನಲ್ಲಿ ರುಬ್ಬಿದ ರುಚಿ ಮಿಕ್ಸಿಯಲ್ಲಿ ಬರುವುದಿಲ್ಲ ಅನ್ನುವವರು ಇದ್ದಾರೆ. ರುಚಿ ಬೇರೆ ಹೌದು. ಮಿಕ್ಸಿಯ ಬ್ಲೇಡು ಕತ್ತರಿಸುತ್ತದೆ, ಕಲ್ಲು ಅರೆಯುತ್ತದೆ. ಬ್ಲೇಡಿನ ವೇಗಕ್ಕೆ ಹಿಟ್ಟು ಬಿಸಿಯಾಗುತ್ತದೆ, ಅದಕ್ಕೇ ಉದ್ದಿಗೆ ತಣ್ಣೀರು ಹಾಕುವುದು. ಆದರೆ ನಾನು ಒಂದು ವಿಷಯ ಗಮನಿಸಿದ್ದೇನೆ. ಒರಳಿನ ರುಚಿಯನ್ನು ನೆನೆದು ಕಣ್ಣು ಮುಚ್ಚಿಕೊಳ್ಳುವವರು ಬಹುತೇಕ ಗಂಡಸರು. ಒಂದು ದಿನವೂ ಗುಂಡು ತಿರುಗಿಸಿದವರಲ್ಲ. ನಮ್ಮಮ್ಮನ ಬಾಯಲ್ಲಿ ಆ ಮಾತು ಒಮ್ಮೆಯೂ ಬರಲಿಲ್ಲ. ಅವರಿಗೆ ದಿನಕ್ಕೆ ಒಂದೂವರೆ ಗಂಟೆ ಸಿಕ್ಕಿತ್ತು. ಆ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಹೂ ಕಟ್ಟುತ್ತಿದ್ದರು. ಕೆಲವು ದಿನ ಏನೂ ಮಾಡದೆ ಜಗಲಿಯಲ್ಲಿ ಕೂರುತ್ತಿದ್ದರು. ಅಮ್ಮ ಸುಮ್ನೆ ಕೂತದ್ದನ್ನು ನಾನು ನೋಡಿದ್ದು ಅವರ ಐವತ್ತನೆಯ ವಯಸ್ಸಿನ ಮೇಲೆ.

ರೇಡಿಯೋ ಅಂದೆನಲ್ಲ. ನಾವು ಮೈಸೂರಿನವರಿಗೆ ಅದರ ಬಗ್ಗೆ ಒಂದು ಚೂರು ಜಂಬ ಇದೆ, ಕ್ಷಮಿಸಿ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಬಾನುಲಿ ಕೇಂದ್ರ ಶುರು ಮಾಡಿದರು. ಅದೂ ಒಂದು ಹವ್ಯಾಸವೇ ನೋಡಿ, ಮೇಷ್ಟ್ರ ಹವ್ಯಾಸ. ಆ ಕೇಂದ್ರ 'ಆಕಾಶವಾಣಿ' ಆಯಿತು. ಆ ಹೆಸರು ಮುಂದೆ ಇಡೀ ದೇಶದ ರೇಡಿಯೋಗೇ ಬಂತು. ನಾನು ಬಿಚ್ಚಿದ ವಸ್ತುಗಳಲ್ಲಿ ಸ್ಕ್ರೂ ಮಿಕ್ಕದೆ ಮತ್ತೆ ಹಾಡಿದ್ದು ಒಂದೇ ಒಂದು, ಅಮ್ಮನ ಟ್ರಾನ್ಸಿಸ್ಟರ್. ದೊಡ್ಡ ಕೆಲಸ ಏನೂ ಇರಲಿಲ್ಲ. ಸೆಲ್ ಕೂರುವ ಜಾಗದಲ್ಲಿ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿದೆ. ಮೊದಲು ಗೊರಗೊರ, ಆಮೇಲೆ ಯಾರೋ ಮಾರುಕಟ್ಟೆ ಧಾರಣೆ ಹೇಳುತ್ತಿದ್ದರು, ಅರಿಸಿನಕ್ಕೆ ಎಷ್ಟು, ಕೊಬ್ಬರಿಗೆ ಎಷ್ಟು ಅಂತ. ಅಷ್ಟು ಚೆಂದದ ಸಂಗೀತ ನಾನು ಕೇಳಿಲ್ಲ.

ಬಿಚ್ಚದೆ ಬಿಟ್ಟದ್ದು ಒಂದಿದೆ, ಅಪ್ಪ ಕೊಟ್ಟ ಕೀ ಕೊಡುವ ಎಚ್‌ಎಂಟಿ ವಾಚು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಮಾಲು. ಕಾರ್ಖಾನೆ ಮುಚ್ಚಿತು, ವಾಚು ನಡೆಯುತ್ತಿದೆ. ದಿನಾ ಬೆಳಿಗ್ಗೆ ಇಪ್ಪತ್ತು ಸಲ ಕೀ ತಿರುವುತ್ತೇನೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ನಾನೂ ಬೀಳುತ್ತೇನೆ, ಹಾಗಾಗಿ ನಮ್ಮಿಬ್ಬರಿಗೂ ಸರಿಹೋಗಿದೆ.

ಆ ದಿನ ಚಾಪೆಯ ಮೇಲಿನ ಎಲ್ಲದಕ್ಕೂ ಮಂಗಳಾರತಿ ಆಯಿತು. ರಿಮೋಟಿನ ಮೇಲೆ ಮೊಮ್ಮಗಳು ಒಂದೊಂದು ಗುಂಡಿಗೂ ಒಂದೊಂದು ಬೊಟ್ಟು ಇಟ್ಟಿದ್ದಳು. ಎರಡು ದಿನ ಚಾನೆಲ್ ಬದಲಾಗಲಿಲ್ಲ. ಕನ್ನಡಕದ ಕುಂಕುಮ ಗಾಜಿಗೂ ತಾಗಿ, ಪೇಪರ್ ಓದುವಾಗ ಜಗತ್ತೆಲ್ಲ ಸ್ವಲ್ಪ ಕೆಂಪಾಗಿ ಕಂಡಿತು.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಐದೂವರೆಗೆ ಎದ್ದು ಹಾಲಿಟ್ಟು ಲೈಟರ್ ಒತ್ತಿದೆ. ಮೊದಲ ಸಲಕ್ಕೇ ಹೊತ್ತಿಕೊಂಡಿತು. ನೋಡಿದರೆ ಹೆಬ್ಬೆರಳ ತುಂಬ ಕುಂಕುಮ. ಅದನ್ನು ಏನು ಮಾಡುವುದು ಅಂತ ಯೋಚಿಸುವಷ್ಟರಲ್ಲಿ ಹಾಲು ಉಕ್ಕಿ ಬಂತು. ಸೆರಗಿಗೆ ಒರೆಸಿಕೊಂಡು ಉರಿ ಸಣ್ಣ ಮಾಡಿದೆ.

ನಮಸ್ಕಾರ.