ಚಿಂದಿ ಬಟ್ಟೆಯಲ್ಲಿ ಮೂಡುವ ಮುಖ

ನಮಸ್ಕಾರ, ಕೇಳುಗರೇ. ಮನೆಯ ನಾಯಿಯನ್ನೋ, ಬೆಕ್ಕನ್ನೋ, ಅಜ್ಜಿಯ ಮುಖವನ್ನೋ ತುಂಡು ಬಟ್ಟೆಗಳಲ್ಲೇ ಮೂಡಿಸಿ, ಗೋಡೆಗೆ ತೂಗುಹಾಕುವ ಕೌದಿಯಾಗಿ ಹೊಲಿಯುವ ಬಗೆಯನ್ನು ಇವತ್ತು ನೋಡೋಣ.

ಮೊದಲು ಫೋಟೊ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳುವಂತೆ, ನಾಯಿಯ ಕಣ್ಣಿನ ಮಟ್ಟಕ್ಕೆ ಕೂತು ತೆಗೆಯಿರಿ. ಫ್ಲ್ಯಾಷ್ ಬೇಡ, ಮುಖ ಚಪ್ಪಟೆಯಾಗುತ್ತದೆ. ಅದನ್ನು 16 ಇಂಚು ಅಗಲ, 20 ಇಂಚು ಎತ್ತರಕ್ಕೆ ದೊಡ್ಡದು ಮಾಡಿಸಿ. ಇದಕ್ಕಿಂತ ಚಿಕ್ಕದಾದರೆ ಕಣ್ಣಿನ ತುಂಡುಗಳು ಬೆರಳಿಗೇ ಸಿಗುವುದಿಲ್ಲ.

ಈಗ ಫೋಟೊವನ್ನು ಕಪ್ಪು ಬಿಳುಪು ಮಾಡಿ, ನೆರಳು ಬೆಳಕಿನ ಗಡಿಗಳನ್ನು ಬಟರ್ ಪೇಪರಿನ ಮೇಲೆ ಗೆರೆ ಎಳೆದುಕೊಳ್ಳಿ. ಬಟ್ಟೆಗಳನ್ನೂ ಕಡುಗಪ್ಪಿನಿಂದ ತಿಳಿವರೆಗೆ ಐದು ಗುಡ್ಡೆ ಮಾಡಿ. ಹೊಸಬರು ಎಡವುವುದು ಇಲ್ಲೇ. ಕೆಂಪು, ಹಸಿರು ಕಣ್ಣಿಗೆ ಬೇರೆ ಬೇರೆ ಕಂಡರೂ ನೆರಳಿನ ಲೆಕ್ಕದಲ್ಲಿ ಒಂದೇ ಆಗಿರಬಹುದು. ಆಗ ಮೂಗು ಕೆನ್ನೆಯೊಳಗೆ ಕರಗಿಹೋಗುತ್ತದೆ. ಮೊಬೈಲಿನಲ್ಲಿ ಗುಡ್ಡೆಗಳ ಕಪ್ಪು ಬಿಳುಪು ಚಿತ್ರ ತೆಗೆದರೆ ಸಾಕು, ತಪ್ಪು ಎದ್ದು ಕಾಣುತ್ತದೆ. ನೆರಳು ಸರಿ ಕೂತರೆ ಬಣ್ಣ ಯಾವುದಿದ್ದರೂ ನಡೆಯುತ್ತದೆ. ಅಮೆರಿಕದ ಕಲಾವಿದೆ ಬಿಸಾ ಬಟ್ಲರ್ ಮನುಷ್ಯರ ಮುಖಕ್ಕೆ ನೀಲಿ, ನೇರಳೆ, ಕಿತ್ತಳೆ ಬಟ್ಟೆ ಇಡುತ್ತಾರೆ. ಆದರೂ ಅವು ಜೀವಂತ ಮುಖಗಳೇ.

ಕಣ್ಣನ್ನು ಬೇರೆ ತುಂಡಿನ ಮೇಲೆ ಮೊದಲೇ ಮಾಡಿಟ್ಟುಕೊಳ್ಳಿ. ನಡುವೆ ಕಡುಗಪ್ಪು ಪಾಪೆ. ಸುತ್ತ ಕಂದು, ಆದರೆ ಒಂದೇ ಕಂದಲ್ಲ: ರೆಪ್ಪೆಯ ನೆರಳಿರುವ ಮೇಲ್ಭಾಗ ಗಾಢ, ಕೆಳಭಾಗ ತಿಳಿ. ಕೊನೆಗೆ ಅಕ್ಕಿ ನುಚ್ಚಿನಷ್ಟು ಬಿಳಿ ತುಂಡು, ಎರಡೂ ಕಣ್ಣಿಗೆ ಒಂದೇ ಪಕ್ಕ. ಅದನ್ನು ಇಡುವ ಮುಂಚೆ ಇದ್ದದ್ದು ಬರೀ ಬಟ್ಟೆ; ಇಟ್ಟ ಕ್ಷಣ ನಾಯಿ ನಿಮ್ಮನ್ನೇ ನೋಡತೊಡಗುತ್ತದೆ.

ಕೂದಲಿಗೆ ಬೇವಿನ ಎಲೆಯಂಥ ಉದ್ದನೆಯ ತುಂಡುಗಳು ಬೇಕು. ಹೆಂಚು ಹೊದಿಸುವಾಗ ಸೂರಿನಿಂದ ಮೇಲಕ್ಕೆ ಹೋಗುತ್ತೇವಲ್ಲ, ಹಾಗೆ ಕುತ್ತಿಗೆ, ಕಿವಿಯಿಂದ ಶುರುಮಾಡಿ ಮೂಗಿನ ಕಡೆಗೆ ಬನ್ನಿ. ತುದಿಗಳು ಮೂಗಿನಿಂದ ಆಚೆಗೆ ಮುಖಮಾಡಿರಲಿ. ತಳದ ಬಟ್ಟೆಗೆ ಅಂಟಿಸಲು ಬಟ್ಟೆಯ ಅಂಟು ತುಂಡಿನ ನಡುವೆ ಒಂದು ಚುಕ್ಕೆ ಸಾಕು. ಹೆಚ್ಚಾದರೆ ಒಣಗಿ ಗಟ್ಟಿಯಾಗಿ ಸೂಜಿಗೆ ಮೆತ್ತುತ್ತದೆ, ಹೊಲಿಗೆ ಜಿಗಿಯುತ್ತದೆ. ಮೂರು ಪದರ ದಾಟಿದ ಕಡೆ ಅಡಿಯದನ್ನು ಕತ್ತರಿಸಿ ತೆಗೆಯಿರಿ.

ಬಳಿಕ ಕೆಳಗೆ ತೆಳು ಹತ್ತಿಯ ಪದರ, ಅದರಡಿ ಸುತ್ತಲೂ ಎರಡಿಂಚು ದೊಡ್ಡದಾದ ಅಸ್ತರು. ನಾಲ್ಕಿಂಚಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಮಷೀನಿಗೆ ಡಾರ್ನಿಂಗ್ ಫುಟ್, ಅಂದರೆ ಬಟ್ಟೆಯನ್ನು ಯಾವ ದಿಕ್ಕಿಗಾದರೂ ಸರಿಸಲು ಬಿಡುವ ಪಾದ, ಮತ್ತು 14ನೇ ನಂಬರ್ ಸೂಜಿ. ಬಟ್ಟೆ ದೂಡುವ ಹಲ್ಲನ್ನು ಇಳಿಸಿ, ಕೂದಲು ಹರಿದ ದಿಕ್ಕಿಗೇ ಹೊಲಿಯಿರಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿಯನ್ನು, ಅಂದರೆ ತಮ್ಮ ತುಂಡು ಬಟ್ಟೆಯ ಕೌದಿಯನ್ನು, ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ಒಂದೊಂದೇ ತುಂಡು ಮಡಚಿ ಸೇರಿಸುತ್ತ ಹೋಗುವುದರಿಂದ ಅಲ್ಲಿ ಅದು ಸರಿ. ಇಲ್ಲಿ ತುಂಡುಗಳೆಲ್ಲ ಆಗಲೇ ಕೂತಿವೆ. ಹಾಗಾಗಿ ನಡುವಿನಿಂದ ಹೊರಕ್ಕೆ ಹೋಗಬೇಕು, ಇಲ್ಲದಿದ್ದರೆ ಸುಕ್ಕೆಲ್ಲ ಮುಖದ ಮೇಲೆ ಬಂದು ನಿಲ್ಲುತ್ತದೆ.

ಕಲಿಸುವವರಿಗೆ ಒಂದು ಮಾತು. ಮೊದಲ ದಿನ ಪೂರ್ತಿ ನಾಯಿ ಬೇಡ. ಆರಿಂಚಿನ ಚೌಕದಲ್ಲಿ ಒಂದೇ ಒಂದು ಕಣ್ಣು ಮಾಡಿಸಿ. ತಪ್ಪು ಕಂಡಾಗ ಅವರ ಕತ್ತರಿಗೆ ಕೈ ಹಾಕಬೇಡಿ. ಆರಡಿ ಹಿಂದೆ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಲು ಹೇಳಿ.

ಮುಗಿದ ಕೌದಿಯ ಹಿಂದೆ, ಮೇಲಂಚಿಗೆ, ಕೋಲು ತೂರಿಸಲು ನಾಲ್ಕಿಂಚಿನ ಪಟ್ಟಿ ಹೊಲಿಯಿರಿ. ಅಂಚು ಮಡಚದ ತುಂಡುಗಳಾದ್ದರಿಂದ ಇದನ್ನು ಒಗೆಯುವಂತಿಲ್ಲ, ದೂಳು ಕೊಡವಿದರಾಯಿತು. ಬಿಸಿಲು ನೇರವಾಗಿ ಬೀಳದ ಗೋಡೆಗೆ ತೂಗುಹಾಕಿ. ನಮಸ್ಕಾರ.